ಕ್ಯಾನಿನ ನೀರು ಕ್ಯಾರವಾನ್ ಟ್ಯಾಂಕಿಗೆ: ಒಂದು ಪಂಪು ಆರಿಸಿದ ಬಗೆ

ಅರವತ್ತು ದಾಟಿದ ಗಂಡ-ಹೆಂಡತಿ. ಕಾರಿನ ಹಿಂದೆ ಎಳೆದೊಯ್ಯುವ, ಒಳಗೇ ವಾಸಿಸಬಹುದಾದ ಕ್ಯಾರವಾನ್, ಅದರ ನೆಲದಡಿಯಲ್ಲಿ 80 ಲೀಟರಿನ ಎರಡು ಟ್ಯಾಂಕು. ನೀರು ತುಂಬುವ ಬಾಯಿ ಪಕ್ಕದ ಗೋಡೆಯಲ್ಲಿ, ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದೆ. ನಲ್ಲಿಯ ಪಕ್ಕದಲ್ಲೇ ಗಾಡಿ ನಿಲ್ಲಿಸಲು ಜಾಗ ಸಿಕ್ಕರೆ ಹೋಸ್ ಸಿಕ್ಕಿಸಿ ತುಂಬಿಸಿದರಾಯಿತು, ಪಂಪಿನ ಮಾತೇ ಬರುವುದಿಲ್ಲ. ಆದರೆ ಇವರಿಗೆ ಗದ್ದಲದ ತಂಗುದಾಣಗಳು ಹಿಡಿಸವು. ನೀರು, ಕರೆಂಟು ಎರಡೂ ಇಲ್ಲದ ಕಡೆ ಹೋಗಿ ನಾಲ್ಕೈದು ದಿನ ಇದ್ದುಬಿಡುತ್ತಾರೆ. ನೀರು ಮುಗಿದಾಗ ಕ್ಯಾರವಾನನ್ನು ಅಲ್ಲೇ ಬಿಟ್ಟು, ಕಾರಿನಲ್ಲಿ 20 ಲೀಟರಿನ ನಾಲ್ಕು ಕ್ಯಾನು ಹಾಕಿಕೊಂಡು ಹೋಗಿ ತುಂಬಿಸಿ ತರುತ್ತಾರೆ.

ತೊಡಕು ಶುರುವಾಗುವುದು ತಂದ ಮೇಲೆ. ತುಂಬಿದ ಕ್ಯಾನೆಂದರೆ 20 ಕಿಲೋ ನೀರು, ಅದರ ಮೇಲೆ ಕ್ಯಾನಿನ ತೂಕ. ಸೊಂಟದೆತ್ತರಕ್ಕೆ ಎತ್ತುವುದಾದರೂ ಹೇಗೋ ಆದೀತು. ಎತ್ತಿದ್ದನ್ನು ಓರೆ ಮಾಡಿ ಹಿಡಿದು ಎರಡು ಮೂರು ನಿಮಿಷ ನಿಲ್ಲುವುದಿದೆಯಲ್ಲ, ಬೆನ್ನು ಹೋಗುವುದು ಅಲ್ಲಿ. ಆಲಿಕೆ ಸಣ್ಣದು, ನೀರು ಗುಳುಗುಳು ಅಂದುಕೊಂಡು ತಡೆದು ತಡೆದು ಇಳಿಯುತ್ತದೆ, ಅರ್ಧ ಲೀಟರು ಚಪ್ಪಲಿಯ ಮೇಲೆ. ನಾಲ್ಕು ಕ್ಯಾನಿಗೆ ನಾಲ್ಕು ಸಲ ಇದೇ ಕಥೆ. ಯಜಮಾನರಿಗೆ ಬೆನ್ನಿನ ತೊಂದರೆ ಬಂದಮೇಲೆ ವೈದ್ಯರು ಭಾರ ಎತ್ತಬೇಡಿ ಎಂದರು. ಹೆಂಡತಿ ಎತ್ತಲು ಹೋದರೆ ಇವರು ಬಿಡುವುದಿಲ್ಲ. ಪಂಪು ಬೇಕೆಂದು ತೀರ್ಮಾನವಾದದ್ದು ಹಾಗೆ.

ಟ್ಯಾಂಕು ಎಷ್ಟನ್ನು ತಾಳುತ್ತದೆ

ಪಂಪು, ಪೈಪಿನ ಕೆಲಸ ಗೊತ್ತಿರುವವನೆಂದು ನನ್ನನ್ನು ಕೇಳಿದರು. ಅವರ ಪ್ರಶ್ನೆ ಇದ್ದದ್ದು "ಯಾವ ಪಂಪು ಜೋರು?" ಎಂದು. ಪಂಪಿನ ಪಟ್ಟಿ ಬದಿಗಿಡಿ, ನಿಮ್ಮ ಟ್ಯಾಂಕು ಎಷ್ಟು ಜೋರನ್ನು ತಾಳುತ್ತದೆ ಅಷ್ಟು ನೋಡಿಕೊಂಡು ಬನ್ನಿ ಎಂದೆ. ನೋಡುವುದು ಸುಲಭ. ನಲ್ಲಿಯ ಹೋಸಿನಡಿ 10 ಲೀಟರಿನ ಬಕೆಟ್ ಇಟ್ಟು ಗಡಿಯಾರ ಹಿಡಿಯುವುದು. 30 ಸೆಕೆಂಡಿಗೆ ತುಂಬುವಷ್ಟು ನಲ್ಲಿ ತಿರುಗಿಸಿದರೆ ನಿಮಿಷಕ್ಕೆ 20 ಲೀಟರು. ಆ ವೇಗದಲ್ಲಿ ಟ್ಯಾಂಕು ಸದ್ದಿಲ್ಲದೆ ನೀರು ತೆಗೆದುಕೊಂಡಿತು. 20 ಸೆಕೆಂಡಿಗೆ ತುಂಬುವಷ್ಟು, ಅಂದರೆ ನಿಮಿಷಕ್ಕೆ 30 ಲೀಟರಿನಷ್ಟು ಬಿಟ್ಟಾಗ ಬಾಯಿಯಿಂದ ನೀರು ಬಳಕ್ಕನೆ ಹೊರಗೆ ಉಕ್ಕಿತು.

ಕಾರಣ ಗಾಳಿ. ಟ್ಯಾಂಕಿನೊಳಗೆ ಒಂದು ಲೀಟರು ನೀರು ಹೋಗಬೇಕಾದರೆ ಒಂದು ಲೀಟರು ಗಾಳಿ ಹೊರಗೆ ಬರಬೇಕು. ಅದು ಬರುವುದು ಬೆರಳಿನಷ್ಟು ದಪ್ಪದ ಒಂದು ಕೊಳವೆಯಲ್ಲಿ. ನೀರು ಅದನ್ನು ಮೀರಿ ಬಂದರೆ, ಸಿಕ್ಕಿಕೊಂಡ ಗಾಳಿ ತುಂಬುವ ಬಾಯಿಯನ್ನೇ ದಾರಿ ಮಾಡಿಕೊಂಡು ನೀರನ್ನು ತಳ್ಳಿಕೊಂಡು ಬರುತ್ತದೆ. ಬಾಯಿಗೆ ಹೋಸನ್ನು ಬಿಗಿಯಾಗಿ ತಿರುಗಿಸಿ ಕೂರಿಸುವ ಮಾದರಿಯ ಕ್ಯಾರವಾನುಗಳಲ್ಲಿ ಇದು ಇನ್ನೂ ಕೆಟ್ಟದು: ಉಕ್ಕಲು ಜಾಗವಿಲ್ಲದೆ ಒತ್ತಡವೆಲ್ಲ ಟ್ಯಾಂಕಿನ ಗೋಡೆಯ ಮೇಲೆ ಬೀಳುತ್ತದೆ, ಪ್ಲಾಸ್ಟಿಕ್ ಟ್ಯಾಂಕು ಉಬ್ಬುತ್ತದೆ.

ಹೀಗೆ ಮೇಲಿನ ಮಿತಿ ಸಿಕ್ಕಿತು: ನಿಮಿಷಕ್ಕೆ 20 ಲೀಟರು. ಅದಕ್ಕಿಂತ ಜೋರಿನ ಪಂಪಿಗೆ ಕೊಡುವ ಹಣ, ಹೊರುವ ತೂಕ ಎರಡೂ ವ್ಯರ್ಥ. ಉಳಿದ ಅಳತೆಗಳು ಬೇಗ ಮುಗಿದವು. ಕ್ಯಾನು ನೆಲದ ಮೇಲಿದ್ದರೆ ನೀರು ಏರಬೇಕಾದ ಎತ್ತರ ಹೆಚ್ಚೆಂದರೆ ಒಂದು ಮೀಟರು. ಹೋಸು ಐದಾರು ಮೀಟರು ಸಾಕು. ಜೊತೆಗೆ ಅವರೇ ಆಮೇಲೆ ನೆನಪಿಸಿಕೊಂಡ ಇನ್ನೊಂದು ಸಂದರ್ಭ ಇತ್ತು. ಕೆಲವು ಕಡೆ ಅವರಿಗೆ ನೀರು ಸಿಗುವುದು ನಲ್ಲಿಯಲ್ಲಿ ಅಲ್ಲ, ಅರ್ಧ ನೆಲದೊಳಗೆ ಹೂತ ತೊಟ್ಟಿಯಲ್ಲಿ. ನಿಂತ ನೆಲದಿಂದ ನೀರಿನ ಮಟ್ಟ ಒಂದೂವರೆ, ಎರಡು ಮೀಟರು ಕೆಳಗೆ. ಅಲ್ಲಿ ಕ್ಯಾನು ತುಂಬಿಸಲು ಹಗ್ಗ ಕಟ್ಟಿದ ಬಕೆಟ್ಟೇ ಗತಿಯಾಗಿತ್ತು. ಕೊನೆಗೆ ಆಯ್ಕೆಯನ್ನು ತಿರುಗಿಸಿದ್ದು ಈ ಎರಡನೆಯ ಸಂದರ್ಭವೇ.

ಡಬ್ಬಿಯ ಮೇಲಿನ ಅಂಕಿ

ಯಜಮಾನರು ಮೊದಲೇ ಒಂದು ಪಂಪಿನ ಮೇಲೆ ಕಣ್ಣಿಟ್ಟಿದ್ದರು. ದೋಣಿಯ ತಳದಲ್ಲಿ ಸೇರುವ ನೀರನ್ನು ಎತ್ತಿಹಾಕುವ 12 ವೋಲ್ಟಿನ ಬಿಲ್ಜ್ ಪಂಪು. ಡಬ್ಬಿಯ ಮೇಲೆ ಗಂಟೆಗೆ 2000 ಲೀಟರು, ಅಂದರೆ ನಿಮಿಷಕ್ಕೆ 33 ಲೀಟರು ಎಂದಿತ್ತು. ಗರಿಷ್ಠ ಹೆಡ್, ಅಂದರೆ ಪಂಪು ನೀರನ್ನು ಏರಿಸಬಲ್ಲ ಎತ್ತರ, ಮೂರೂವರೆ ಮೀಟರು. ನಮಗೆ ಬೇಕಾದ ಎತ್ತರ ಒಂದೇ ಮೀಟರು, ಇನ್ನೇನು ಬೇಕು ಎಂಬುದು ಅವರ ಲೆಕ್ಕ.

ಈ ಎರಡು ಅಂಕಿಗಳು ಒಟ್ಟಿಗೆ ಎಂದೂ ಸಿಗುವುದಿಲ್ಲ. 33 ಲೀಟರು ಬರುವುದು ಎತ್ತರವೂ ಇಲ್ಲದ, ಹೋಸೂ ಇಲ್ಲದ ಪಂಪಿನಿಂದ. ಮೂರೂವರೆ ಮೀಟರು ಎಂದರೆ ನೀರು ಅಲ್ಲಿಯವರೆಗೆ ಏರಿ ನಿಂತುಬಿಡುವ ಎತ್ತರ; ಅಲ್ಲಿ ಹರಿವು ಸೊನ್ನೆ. ಬೀಸಣಿಗೆಯಂತೆ ತಿರುಗುವ ಇಂಪೆಲ್ಲರ್ ಇರುವ ಪಂಪುಗಳೆಲ್ಲದರ ಸ್ವಭಾವ ಇದು. ಮೇಲಾಗಿ ಹೋಸು ತನ್ನ ಪಾಲನ್ನು ತಿನ್ನುತ್ತದೆ, ಮತ್ತು ಬಹಳ ತಿನ್ನುತ್ತದೆ. ಅವರ ಬಳಿ ಇದ್ದದ್ದು ಒಳವ್ಯಾಸ 12 ಮಿ.ಮೀ. ಇರುವ 10 ಮೀಟರ್ ಹೋಸು. ಅದರಲ್ಲಿ ನಿಮಿಷಕ್ಕೆ 10 ಲೀಟರು ಹರಿಸಿದರೆ ಘರ್ಷಣೆಯಲ್ಲೇ ಸುಮಾರು ಎರಡೂವರೆ ಮೀಟರ್ ಹೆಡ್ ಹೋಗುತ್ತದೆ. 20 ಲೀಟರು ಹರಿಸಬೇಕೆಂದರೆ ಒಂಬತ್ತು ಮೀಟರಿನ ಹತ್ತಿರ. ಹರಿವು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟಿನ ಸಮೀಪ ಹೋಗುತ್ತದೆ. ಅದೇ ಉದ್ದದ 19 ಮಿ.ಮೀ. ಹೋಸಿನಲ್ಲಿ 20 ಲೀಟರಿಗೆ ಹೋಗುವುದು ಬರೀ ಒಂದು ಮೀಟರಿನಷ್ಟು.

ಈ ಲೆಕ್ಕವನ್ನು ಬಿಲ್ಜ್ ಪಂಪಿಗೆ ಹಚ್ಚಿದೆ. ಒಂದು ಮೀಟರು ಎತ್ತರ, ಅವರದೇ ತೆಳು ಹೋಸು: ನಿಮಿಷಕ್ಕೆ 10 ಲೀಟರಿನ ಆಸುಪಾಸು ಬಂತು. ಡಬ್ಬಿ ಹೇಳಿದ್ದರ ಮೂರನೇ ಒಂದು ಭಾಗಕ್ಕೂ ಕಡಿಮೆ. ಯಾವ ಕಂಪನಿಯದೂ ಸುಳ್ಳಲ್ಲ, ಅಂಕಿಯನ್ನು ಓದುವ ಕ್ರಮ ಬೇರೆ, ಅಷ್ಟೇ. ಪಂಪಿನ ಕೈಪಿಡಿಯಲ್ಲಿ ಎತ್ತರಕ್ಕೆ ತಕ್ಕಂತೆ ಹರಿವು ಇಳಿಯುವ ಗೆರೆಚಿತ್ರ ಇದ್ದರೆ ಅದನ್ನು ನೋಡಬೇಕು. ಅದು ಇಲ್ಲದ ಪಂಪನ್ನು ನಾನಂತೂ ಕೊಳ್ಳುವುದಿಲ್ಲ.

ಬಿಲ್ಜ್ ಪಂಪನ್ನು ಕೊನೆಗೆ ತಳ್ಳಿಹಾಕಿದವರು ಅವರ ಹೆಂಡತಿ, ಅದೂ ಬೇರೆ ಕಾರಣಕ್ಕೆ. "ಕುಡಿಯೋ ನೀರಿಗೆ ಆಗತ್ತೆ ಅಂತ ಇದರ ಮೇಲೆ ಎಲ್ಲಾದರೂ ಬರೆದಿದೆಯೇನ್ರೀ?" ಎಂದರು. ಬರೆದಿರಲಿಲ್ಲ. ದೋಣಿಯ ಕೊಳಚೆ ಎತ್ತಲು ಮಾಡಿದ ಪಂಪಿನ ಪ್ಲಾಸ್ಟಿಕ್ಕು, ಸೀಲು, ಗ್ರೀಸು ಕುಡಿಯುವ ನೀರಿಗೆ ತಕ್ಕದ್ದು ಎಂದು ಯಾರೂ ಪ್ರಮಾಣಿಸಿರುವುದಿಲ್ಲ. ಎನ್‌ಎಸ್‌ಎಫ್ 61ರಂಥ ಕುಡಿಯುವ ನೀರಿನ ಮಾನದಂಡದ ಗುರುತು ಇರುವುದನ್ನೇ ಹುಡುಕುವುದು ಎಂದಾಯಿತು. ಅರ್ಧ ಪಟ್ಟಿ ಅಲ್ಲೇ ಖಾಲಿ.

ಉಳಿದ ಉಮೇದುವಾರರು

ಪೆಟ್ರೋಲ್ ಎಂಜಿನ್ನಿನ ಪಂಪು ನಿಮಿಷಕ್ಕೆ ನೂರು ಲೀಟರು ಮೀರಿ ತಳ್ಳುತ್ತದೆ. 20 ಲೀಟರು ತಾಳುವ ಟ್ಯಾಂಕಿಗೆ ಅದು ಯಾಕೆ? ಸದ್ದು, ಇಂಧನದ ವಾಸನೆ, ಪೆಟ್ರೋಲು ಮುಟ್ಟಿದ ಕೈಯಲ್ಲೇ ಕುಡಿಯುವ ನೀರಿನ ಹೋಸು. ಬೇಡ. ಕೈಪಂಪು ಬೆನ್ನಿನ ತೊಂದರೆಯನ್ನು ಭುಜಕ್ಕೆ ವರ್ಗಾಯಿಸುತ್ತದೆ, ಅದೂ ಬೇಡ.

ಪಂಪೇ ಇಲ್ಲದ ಸೈಫನ್ನಿನ ವಿಚಾರವೂ ಬಂತು. ಕ್ಯಾನಿನಲ್ಲಿರುವ ನೀರಿನ ಮಟ್ಟ ತುಂಬುವ ಬಾಯಿಗಿಂತ ಮೇಲಿದ್ದರೆ, ಹೋಸಿನಲ್ಲಿ ಒಮ್ಮೆ ನೀರು ತುಂಬಿಕೊಂಡ ಮೇಲೆ ಅದು ತಾನಾಗಿಯೇ ಇಳಿಯುತ್ತದೆ. ವಾಹನದ ಮೇಲ್ಚಾವಣಿಯ ಕ್ಯಾರಿಯರ್‌ನಲ್ಲಿ ನೀರು ಹೊರುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಇವರ ಕ್ಯಾನುಗಳು ಕಾರಿನ ಡಿಕ್ಕಿಯಲ್ಲಿ. ಕ್ಯಾನು ತುಂಬಿದ್ದಾಗ ಮಟ್ಟ ಬಾಯಿಗಿಂತ ಒಂದು ಗೇಣು ಮೇಲಿರುತ್ತದೆ, ಅರ್ಧ ಖಾಲಿಯಾಗುವಷ್ಟರಲ್ಲಿ ಹರಿವು ನಿಂತುಹೋಗುತ್ತದೆ.

ಡ್ರಿಲ್ಲಿಂಗ್ ಯಂತ್ರದ 18 ವೋಲ್ಟ್ ಬ್ಯಾಟರಿ ಹಾಕಿ ನಡೆಸುವ ವರ್ಗಾವಣೆ ಪಂಪು ಯಜಮಾನರಿಗೆ ಬಹಳ ಹಿಡಿಸಿತ್ತು. ಬ್ಯಾಟರಿಗಳು ಮನೆಯಲ್ಲಿವೆ, ತಂತಿ ಎಳೆಯುವ ಗೋಜಿಲ್ಲ. ಇಂಥವುಗಳಲ್ಲಿ ಹಲವಕ್ಕೆ ರಬ್ಬರಿನ ಇಂಪೆಲ್ಲರ್. ನೀರೇ ಅದಕ್ಕೆ ಎಣ್ಣೆ. ಕ್ಯಾನು ಖಾಲಿಯಾದದ್ದು ಗಮನಿಸದೆ ಸ್ವಲ್ಪ ಹೊತ್ತು ಒಣಗಿ ಓಡಿತೋ, ರೆಕ್ಕೆಗಳು ಬಿಸಿಯಾಗಿ ಹರಿಯುತ್ತವೆ. ಕ್ಯಾನು ಖಾಲಿಯಾಗುವುದೇ ದಿನನಿತ್ಯದ ಕೆಲಸವಾಗಿರುವ ಕಡೆ ಇದು ಸಣ್ಣ ಮಾತಲ್ಲ. ತಿಂಗಳುಗಟ್ಟಲೆ ಇಟ್ಟರೆ ರಬ್ಬರು ಗೋಡೆಗೆ ಅಂಟಿಕೊಳ್ಳುವುದೂ ಉಂಟು. ಜೊತೆಗೆ ಅವರು ನೋಡಿದ ಮಾದರಿಯಲ್ಲೂ ಕುಡಿಯುವ ನೀರಿನ ಗುರುತು ಇರಲಿಲ್ಲ.

ಗಂಭೀರವಾಗಿ ಉಳಿದವು ಎರಡು.

ಒಂದು, 12 ವೋಲ್ಟಿನ ಪುಟ್ಟ ಸಬ್‌ಮರ್ಸಿಬಲ್ ಪಂಪು. ದಪ್ಪ 40 ಮಿ.ಮೀ. ಆಸುಪಾಸು, ಆದ್ದರಿಂದ ಕ್ಯಾನಿನ ಬಾಯಲ್ಲೇ ಇಳಿಸಬಹುದು. ನಾಲ್ಕೈದು ಆಂಪಿಯರ್ ಎಳೆಯುತ್ತದೆ, ನಿಮಿಷಕ್ಕೆ ಹತ್ತರಿಂದ ಹದಿನೈದು ಲೀಟರು ಹೇಳಿಕೊಳ್ಳುತ್ತದೆ. ಹಗುರ, ಅಗ್ಗ, ಸದ್ದಿಲ್ಲ. ಕ್ಯಾನಿನಿಂದ ಟ್ಯಾಂಕಿಗೆ ಮಾತ್ರ ಸಾಗಿಸುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಎರಡು ಕಾಟಗಳಿವೆ. ನೀರಿಗೆ ಇಳಿಸುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಮೋಟಾರು ಗುಂಯ್‌ಗುಡುತ್ತದೆ, ನೀರು ಬರುವುದಿಲ್ಲ. ನೀರೊಳಗೇ ಓರೆ ಮಾಡಿ ಅಲುಗಾಡಿಸಿದರೆ ಗುಳ್ಳೆ ಹೊರಬಂದು ಸರಿಹೋಗುತ್ತದೆ. ಇನ್ನೊಂದು, ಪಂಪು ನಿಲ್ಲಿಸಿದಾಗ ನೀರನ್ನು ತಡೆಯುವ ವಾಲ್ವ್ ಇದರೊಳಗೆ ಸಾಮಾನ್ಯವಾಗಿ ಇರುವುದಿಲ್ಲ. ಹೋಸಿನ ತುದಿ ಟ್ಯಾಂಕಿನ ನೀರಿನಲ್ಲಿ ಮುಳುಗಿದ್ದರೆ ತುಂಬಿಸಿದ ನೀರು ಸೈಫನ್ನಾಗಿ ಕ್ಯಾನಿಗೇ ವಾಪಸು ಬರುತ್ತದೆ. ತುದಿಯನ್ನು ನೀರಿಗೆ ತಾಗದಂತೆ ಬಾಯಿಯ ಹತ್ತಿರವೇ ಸಿಕ್ಕಿಸಿಟ್ಟರೆ ಆಯಿತು.

ಇನ್ನೊಂದು, ಡಯಾಫ್ರಾಮ್ ಪಂಪು. ಕ್ಯಾರವಾನಿನ ಒಳಗೆ ನಲ್ಲಿಗಳಿಗೆ ನೀರು ಕೊಡಲು ಸಾಮಾನ್ಯವಾಗಿ ಕೂರಿಸಿರುವುದು ಇದೇ ಜಾತಿ. ರಬ್ಬರಿನ ಪೊರೆ ಹಿಂದೆ ಮುಂದೆ ಆಡುತ್ತಾ ಪ್ರತಿ ಸಲ ಅಳತೆಯಷ್ಟು ನೀರನ್ನು ತಳ್ಳುತ್ತದೆ. ಹಾಗಾಗಿ ಎತ್ತರ ಹೆಚ್ಚಿದರೂ ಹೋಸು ತೆಳುವಾದರೂ ಹರಿವು ಅಷ್ಟಾಗಿ ಕುಸಿಯುವುದಿಲ್ಲ. ನಿಮಿಷಕ್ಕೆ 10ರಿಂದ 12 ಲೀಟರಿನ ಮಾದರಿಗಳು 2.8 ಬಾರ್ ಒತ್ತಡದವರೆಗೆ, ಅಂದರೆ 28 ಮೀಟರಿನಷ್ಟು ಹೆಡ್‌ವರೆಗೆ ತಳ್ಳುತ್ತವೆ. ತೆಳು ಹೋಸು ಕೇಳುವ ಎರಡೂವರೆ ಮೀಟರು ಅದಕ್ಕೆ ಲೆಕ್ಕಕ್ಕೇ ಇಲ್ಲ. ಸ್ವಲ್ಪ ಹೊತ್ತು ಒಣಗಿ ಓಡಿದರೂ ಕೆಡುವುದಿಲ್ಲ. ಮುಖ್ಯವಾಗಿ, ಮೇಲೆ ಇಟ್ಟುಕೊಂಡೇ ಕೆಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಈ ಎಳೆತ, ಅಂದರೆ ಸಕ್ಷನ್, ಸುಮಾರು 1.8 ಮೀಟರಿನವರೆಗೆ. ಕೆಟ್ಟ ಗುಣಗಳೆಂದರೆ ಸದ್ದು, ನಡುಕ, ಮತ್ತು ಸಣ್ಣ ಮರಳು ಹೊಕ್ಕರೂ ವಾಲ್ವ್ ಕೂರದೆ ಹೋಗುವುದು. ಮುಂದೆ ಜಾಲರಿ ಕಡ್ಡಾಯ.

ಸಕ್ಷನ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ: ಪಂಪು ಬಲವಾಗಿದ್ದರೆ ಎಷ್ಟು ಆಳದಿಂದ ಬೇಕಾದರೂ ಎಳೆಯುತ್ತದೆ ಎಂದು. ಎಳೆಯುವುದು ಪಂಪಲ್ಲ, ಪಂಪು ಗಾಳಿಯನ್ನು ತೆಗೆದು ಜಾಗ ಮಾಡಿಕೊಡುತ್ತದೆ, ನೀರನ್ನು ಮೇಲೆ ಒತ್ತುವುದು ಹೊರಗಿನ ವಾತಾವರಣ. ಸಮುದ್ರಮಟ್ಟದಲ್ಲೂ ಅದರ ಮಿತಿ 10.3 ಮೀಟರು, ಅದೂ ಕಾಗದದ ಮೇಲೆ. ಎತ್ತರದ ಬೆಟ್ಟಗಳಲ್ಲಿ ಇನ್ನೂ ಕಡಿಮೆ. ಈ ಪುಟ್ಟ ಪಂಪುಗಳಿಗೆ ಎರಡು ಮೀಟರು ದಾಟಿದರೆ ನಂಬಿಕೆಯಿಲ್ಲ. ತೊಟ್ಟಿ ಅದಕ್ಕಿಂತ ಆಳವಿದ್ದರೆ ಪಂಪನ್ನೇ ಕೆಳಗಿನ ಮೆಟ್ಟಿಲಿಗೆ ಇಳಿಸಬೇಕು. ತಳ್ಳಲು ಬಿಟ್ಟರೆ ಅದು ಹತ್ತು ಮೀಟರಾದರೂ ತಳ್ಳೀತು.

ಮೂರನೆಯ ದಾರಿಯೂ ಒಂದಿತ್ತು: ಕ್ಯಾರವಾನಿನ ಒಳಗಿನ ಪಂಪಿನ ಮುಂದೆ ಮೂರು ದಾರಿಯ ವಾಲ್ವ್ ಹಾಕಿ, ಅದರಿಂದಲೇ ಹೊರಗಿನ ಕ್ಯಾನನ್ನು ಹೀರಿಸಿ ಟ್ಯಾಂಕಿಗೆ ತಿರುಗಿಸುವುದು. ಅಚ್ಚುಕಟ್ಟಾದ ಉಪಾಯ. ಆದರೆ ಪೀಠೋಪಕರಣ ಬಿಚ್ಚಿ ಪೈಪು ಕತ್ತರಿಸಬೇಕು, ಪಂಪನ್ನು ತೊಟ್ಟಿಯ ಬಳಿಗೆ ಒಯ್ಯಲಾಗುವುದಿಲ್ಲ. ಕೈಬಿಟ್ಟರು.

ತೀರ್ಮಾನವೂ ಜೋಡಣೆಯೂ

ನೆಲದೊಳಗಿನ ತೊಟ್ಟಿ ಇಲ್ಲದಿದ್ದರೆ ಸಬ್‌ಮರ್ಸಿಬಲ್‌ಗೇ ನನ್ನ ಮತ. ತೊಟ್ಟಿ ಇದ್ದದ್ದರಿಂದ, ಮತ್ತು ಪಂಪು ಓಡುವಾಗ ಪಕ್ಕದಲ್ಲಿ ಕಾವಲು ಕೂರುವ ತಾಳ್ಮೆ ಇಬ್ಬರಿಗೂ ಇಲ್ಲದ್ದರಿಂದ, ಡಯಾಫ್ರಾಮ್ ಪಂಪನ್ನು ಆರಿಸಿದೆವು. ಅದರಲ್ಲೂ ಕ್ಯಾರವಾನಿನ ಒಳಗೆ ಇರುವ ಕಂಪನಿಯ ಅದೇ ಮಾದರಿ.

ಪಂಪನ್ನು ಹಲಗೆಯ ತುಂಡಿಗೆ ಬಿಗಿದು ಹಿಡಿಕೆಯಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿದೆವು. ಹಲಗೆಯ ಕೆಳಗೆ ರಬ್ಬರ್ ತುಂಡುಗಳು, ನಡುಕಕ್ಕೆ. ಸಕ್ಷನ್ ಕಡೆಗೆ ಎರಡೂವರೆ ಮೀಟರಿನ, ಒಳಗೆ ಸುರುಳಿ ತಂತಿಯಿರುವ ಗಟ್ಟಿ ಹೋಸು. ಮೆದು ಹೋಸು ಇಲ್ಲಿ ನಡೆಯದು, ಎಳೆತಕ್ಕೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಪಂಪಿನ ಮುಂದೆ ದಪ್ಪ ಜಾಲರಿ ಮಾತ್ರ. ಸಣ್ಣ ರಂಧ್ರದ ಫಿಲ್ಟರನ್ನು ನೀರು ಹೊರಬರುವ ಡೆಲಿವರಿ ಕಡೆಗೆ ಹಾಕಿದೆವು. ಅದನ್ನೂ ಸಕ್ಷನ್ನಿಗೇ ಹಾಕುವವರಿದ್ದಾರೆ. ಪಂಪಿನ ಎಳೆಯುವ ಶಕ್ತಿ ಫಿಲ್ಟರಿನಲ್ಲೇ ಮುಗಿದುಹೋಗುತ್ತದೆ. ಈ ಫಿಲ್ಟರು ಮಣ್ಣು, ತುಕ್ಕು ಹಿಡಿಯುತ್ತದೆಯೇ ಹೊರತು ರೋಗಾಣುಗಳನ್ನಲ್ಲ. ತೊಟ್ಟಿಯ ನೀರನ್ನು ಅವರು ಕುಡಿಯಲು ಕುದಿಸಿಕೊಳ್ಳುತ್ತಾರೆ. ಡೆಲಿವರಿಗೆ ಆರು ಮೀಟರು, ಕುಡಿಯುವ ನೀರಿಗೆಂದೇ ಮಾಡಿದ ಹೋಸು. ತೋಟದ ಹೋಸು ಬಿಸಿಲಿಗೆ ಬಿದ್ದರೆ ನೀರಿಗೆ ಪ್ಲಾಸ್ಟಿಕ್ಕಿನ ರುಚಿ ಬರುತ್ತದೆ, ಆ ರುಚಿ ಟ್ಯಾಂಕಿನಿಂದ ಬೇಗ ಹೋಗುವುದೂ ಇಲ್ಲ.

ಬ್ಯಾಟರಿ ಬರಿದಾಗುತ್ತದೇನೋ ಎಂಬ ಅಂಜಿಕೆ ಅವರಿಗೆ ಬಹಳ ಇತ್ತು. ಎರಡೂ ಟ್ಯಾಂಕು ತುಂಬಲು, ನಿಮಿಷಕ್ಕೆ 10 ಲೀಟರಿನಂತೆ 16 ನಿಮಿಷ. ಆರು ಆಂಪಿಯರ್ ಎಳೆದರೆ 1.6 ಆಂಪಿಯರ್-ಅವರ್. ಅವರ ಬ್ಯಾಟರಿ 100 ಆಂಪಿಯರ್-ಅವರಿನದು. ಎರಡು ಶೇಕಡಾ ಕೂಡ ಆಗಲಿಲ್ಲ. ಗಮನ ಬೇಕಾದದ್ದು ತಂತಿಗೆ. 12 ವೋಲ್ಟಿನಲ್ಲಿ ತೆಳು ತಂತಿ ಎಂದರೆ ತೆಳು ಹೋಸಿದ್ದ ಹಾಗೇ. 1.5 ಚದರ ಮಿ.ಮೀ. ತಂತಿಯನ್ನು 10 ಮೀಟರು ಎಳೆದರೆ, ಹೋಗಿಬರುವ ದಾರಿ 20 ಮೀಟರಾಗಿ, ಐದು ಆಂಪಿಯರಿಗೆ ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಬಿದ್ದುಹೋಗುತ್ತದೆ. 4 ಚದರ ಮಿ.ಮೀ. ಹಾಕಿದರೆ ಅರ್ಧ ವೋಲ್ಟಿನ ಒಳಗೆ. ದಪ್ಪದ್ದನ್ನೇ ಹಾಕಿ, ಬ್ಯಾಟರಿಯ ತುದಿಯಲ್ಲಿ 10 ಆಂಪಿಯರ್ ಫ್ಯೂಸು ಕೊಟ್ಟೆವು.

ಓಡಿಸಿದ ಮೇಲೆ

ಮೊದಲ ಸಲ ಸ್ವಿಚ್ ಹಾಕಿದಾಗ ಪಂಪು ಕಿರುಚಿತು, ನೀರು ಬರಲಿಲ್ಲ. ಸಕ್ಷನ್ ಹಿಡಿಯದಿದ್ದರೆ ಹತ್ತರಲ್ಲಿ ಒಂಬತ್ತು ಪಾಲು ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ನೀರು ಸೋರಿದರೆ ಕಣ್ಣಿಗೆ ಕಾಣುತ್ತದೆ, ಸಕ್ಷನ್ ಕಡೆ ಗಾಳಿ ಒಳಗೆ ಸೋರುವುದು ಕಾಣುವುದಿಲ್ಲ. ಜಾಲರಿಯ ಪಾರದರ್ಶಕ ಮುಚ್ಚಳದಲ್ಲಿ ಗುಳ್ಳೆ ಓಡುತ್ತಿತ್ತು. ಅದರ ಹಿಂದಿನ ಕ್ಲಿಪ್ಪು ಸಡಿಲವಾಗಿತ್ತು. ಬಿಗಿ ಮಾಡಿದ ಮೇಲೆ ನೀರು ತಾನಾಗಿ ಏರಿ ಬಂತು. ಬಕೆಟ್ಟಿನಲ್ಲಿ ಅಳೆದರೆ ನಿಮಿಷಕ್ಕೆ 9 ಲೀಟರು. ಡಬ್ಬಿಯ ಮೇಲಿದ್ದದ್ದು 11ರ ಮೇಲೆ. ಎಂಬತ್ತು ಲೀಟರಿಗೆ ಒಂಬತ್ತು ನಿಮಿಷ. ಯಾರೂ ಏನನ್ನೂ ಎತ್ತಿ ಹಿಡಿಯಬೇಕಿಲ್ಲದ ಮೇಲೆ ಒಂಬತ್ತು ನಿಮಿಷವಾದರೇನು, ಹನ್ನೆರಡಾದರೇನು.

ಎರಡನೆಯ ತೊಡಕು ಬಂದದ್ದು ಎರಡನೆಯ ಟ್ಯಾಂಕಿನಲ್ಲಿ. ಒಂಬತ್ತೇ ಲೀಟರಿನ ಹರಿವಿಗೂ ಬಾಯಿಯಿಂದ ನೀರು ಉಕ್ಕತೊಡಗಿತು, ಟ್ಯಾಂಕು ನೋಡಿದರೆ ಅರ್ಧವೂ ತುಂಬಿಲ್ಲ. ಗಾಡಿಯ ಕೆಳಗೆ ಬಗ್ಗಿ ನೋಡಿದಾಗ ತಿಳಿಯಿತು: ಗಾಳಿ ಹೊರಬರುವ ಕೊಳವೆ ಒಂದು ಕಡೆ ಜೋತುಬಿದ್ದಿದೆ. ಆ ಜೋಲಿನಲ್ಲಿ ಹಿಂದಿನ ಸಲದ ನೀರು ನಿಂತು ಗಾಳಿಗೆ ಬಿರಡೆ ಹಾಕಿತ್ತು. ಕೊಳವೆಯನ್ನು ಎಲ್ಲೂ ತಗ್ಗಿಲ್ಲದಂತೆ ಏರುಮುಖವಾಗಿ ಕಟ್ಟಿದ್ದೇ ತಡ, ಉಕ್ಕುವುದು ನಿಂತಿತು. ಗಾಡಿ ಒಂದು ಬದಿಗೆ ವಾಲಿ ನಿಂತಿದ್ದರೂ ಇದೇ ಆಗುತ್ತದೆ, ಗಾಳಿಯ ದಾರಿ ಮೊದಲೇ ಮುಳುಗಿಬಿಡುತ್ತದೆ. ಪಂಪು ಬದಲಿಸಬೇಕೆಂದು ಹೊರಡುವ ಎಷ್ಟೋ ಮಂದಿಗೆ ಬೇಕಾಗಿರುವುದು ಈ ಕೊಳವೆಗೆ ಒಂದು ಪಟ್ಟಿ ಮಾತ್ರ ಎಂದು ನನ್ನ ಅನುಮಾನ.

ಅವರ ಪಂಪಿಗೆ ಒತ್ತಡದ ಸ್ವಿಚ್ ಇದೆ, ಒತ್ತಡ ಏರಿದರೆ ಪಂಪನ್ನು ತಾನೇ ನಿಲ್ಲಿಸುತ್ತದೆ. ಹೋಸಿನ ತುದಿಗೆ ನಲ್ಲಿಯಂಥದ್ದು ಹಾಕಿ ಅರ್ಧ ಮುಚ್ಚಿದರೆ ಪಂಪು ಆನ್-ಆಫ್ ಆಗುತ್ತಾ ತಡವರಿಸುತ್ತದೆ. ಹಾಗೆ ಬಹಳ ಹೊತ್ತು ಬಿಟ್ಟರೆ ಸ್ವಿಚ್ಚು ಸವೆಯುತ್ತದೆ. ತುದಿಯನ್ನು ಪೂರ್ತಿ ತೆರೆದಿಟ್ಟು ಕೆಲಸ ಮಾಡುತ್ತಾರೆ.

ಕೆಲಸವಾದ ಮೇಲೆ ಕ್ಯಾನು ಖಾಲಿಯಿದ್ದಾಗಲೇ ಅರ್ಧ ನಿಮಿಷ ಓಡಿಸಿ ಒಳಗಿನ ನೀರು ತೆಗೆದು, ಹೋಸಿನ ಎರಡೂ ತುದಿಗಳನ್ನು ಒಂದಕ್ಕೊಂದು ಸೇರಿಸಿ ಸುತ್ತಿಡುತ್ತಾರೆ; ಧೂಳೂ ಇಲ್ಲ, ಹುಳುವೂ ಇಲ್ಲ. ಚಳಿಯಲ್ಲಿ ನೀರು ಹೆಪ್ಪುಗಟ್ಟುವ ಕಡೆ ಇದು ಬಿಡಲೇಬಾರದ ಕೆಲಸ: ಪಂಪಿನ ತಲೆಯೊಳಗೆ ಉಳಿದ ಒಂದು ಗುಟುಕು ನೀರು ಮಂಜುಗಡ್ಡೆಯಾಗಿ ಪಂಪನ್ನು ಸೀಳಬಲ್ಲದು. ಬಹಳ ದಿನ ಇಟ್ಟು ತೆಗೆದಾಗ, ಸುಗಂಧ ಬೆರೆಸದ ಮನೆಬಳಕೆಯ 5 ಶೇಕಡಾ ಬ್ಲೀಚನ್ನು ಲೀಟರ್ ನೀರಿಗೆ ಒಂದು ಮಿಲಿಲೀಟರಿನಂತೆ ಬೆರೆಸಿ ಪಂಪು, ಹೋಸು, ಟ್ಯಾಂಕಿನಲ್ಲಿ ಕೆಲವು ಗಂಟೆ ಬಿಟ್ಟು, ಚೆನ್ನಾಗಿ ತೊಳೆದು ಚೆಲ್ಲುತ್ತಾರೆ. ಅದು ಸ್ವಚ್ಛಗೊಳಿಸುವ ಪ್ರಮಾಣ, ಕುಡಿಯುವ ನೀರಿಗೆ ಹಾಕುವುದಲ್ಲ.

ಅದೇ ಮಾದರಿ ಕೊಂಡದ್ದರ ಲಾಭ ತಡವಾಗಿ ಬಂತು. ಒಂದು ಕಡೆ ಬಿಡಾರ ಹೂಡಿದ್ದಾಗ ಕ್ಯಾರವಾನಿನ ಒಳಗಿನ ಪಂಪು ನಿಂತುಹೋಯಿತು. ಪೆಟ್ಟಿಗೆಯಲ್ಲಿದ್ದ ಪಂಪನ್ನು ಬಿಚ್ಚಿ ಅದರ ಜಾಗಕ್ಕೆ ಹಾಕಿದರು. ಸ್ಕ್ರೂವಿನ ತೂತುಗಳೂ ಪೈಪಿನ ತುದಿಗಳೂ ಕೂಡಿಕೊಂಡವು, ಸಿಂಕಿನಲ್ಲಿ ನೀರು ಬಂತು. ಆ ಪ್ರವಾಸದ ಮಟ್ಟಿಗೆ ಟ್ಯಾಂಕು ತುಂಬಿಸಲು ಮತ್ತೆ ಕ್ಯಾನೇ ಎತ್ತಬೇಕಾಗಿತ್ತು, ಆದರೆ ಕ್ಯಾನು ಎತ್ತುವ ಬದಲು ನೀರನ್ನು ಐದು ಲೀಟರಿನ ಜಗ್ಗಿಗೆ ಬಗ್ಗಿಸಿಕೊಂಡು ಸುರಿದರಂತೆ. ಈಗ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಚಿಕ್ಕ ಸಬ್‌ಮರ್ಸಿಬಲ್ ಕೂಡ ಇದೆ.